‘ಅಲ್ಲಲ್ಲಿ ಮಳೆಯಾಗುವ ಸಂಭವ’ – ಹವಾವರ್ತಮಾನದ ಗದ್ಯದ ಬಗ್ಗೆ ಕೆಲವು ಮಾತು

ಕಥೆಗೆ ವಿಮರ್ಶಕರಿದ್ದಾರೆ, ಕಾದಂಬರಿಗೆ ಇದ್ದಾರೆ. ನಮ್ಮ ಸಂಘದ ವಾರ್ಷಿಕೋತ್ಸವದ ನಾಟಕಕ್ಕಂತೂ ಪ್ರೇಕ್ಷಕರಿಗಿಂತ ವಿಮರ್ಶಕರೇ ಹೆಚ್ಚು. ಆದರೆ ದಿನ ಬೆಳಗಾದರೆ ಲಕ್ಷಾಂತರ ಜನ ಓದುವ, ಓದಿ ನಂಬದಿರುವ, ನಂಬದೆ ಬೈಯುವ ಮೂರು ನಾಲ್ಕು ಸಾಲಿನ ಗದ್ಯವೊಂದಿದೆ. ಅದನ್ನು ಗದ್ಯವೆಂದು ಯಾರೂ ಪರಿಗಣಿಸಿದಂತೆ ಕಾಣುವುದಿಲ್ಲ. ಹವಾವರ್ತಮಾನವೇ ಆ ಗದ್ಯ. ಈ ಲೇಖನದಲ್ಲಿ ಅದನ್ನು ಒಂದು ಕೃತಿಯೆಂದೇ ತಿಳಿದು, ಅದರ ಗುಣದೋಷಗಳನ್ನು ನೋಡುವ ಉದ್ದೇಶವಿದೆ.

ಹವಾಮಾನ ಇಲಾಖೆಗೂ ನನಗೂ ಯಾವ ನಂಟೂ ಇಲ್ಲ. ನಾನು ಕೇಂದ್ರ ಸರಕಾರದ ಬೇರೊಂದು ಕಚೇರಿಯಲ್ಲಿ ಗುಮಾಸ್ತ. ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರ ಹೊಟ್ಟೆಗೆ ಒದಗಲಿಲ್ಲ. ಹೊಟ್ಟೆಗೆ ಒದಗಿದ್ದು ಸರಕಾರಿ ಗದ್ಯ. ಸುತ್ತೋಲೆಯ ಒಂದು ಶಬ್ದದೊಳಗೆ ಎಷ್ಟು ಅರ್ಥ ಅಡಗಿರುತ್ತದೆ, ಅದೇ ಶಬ್ದ ಕೆಳಗಿನ ಮೇಜಿಗೆ ಇಳಿಯುವಷ್ಟರಲ್ಲಿ ಎಷ್ಟು ಅರ್ಥ ಸೋರಿಹೋಗುತ್ತದೆ ಎಂಬುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಹವಾವರ್ತಮಾನದ ಕಥೆಯೂ ಬಹುಮಟ್ಟಿಗೆ ಇದೇ. ‘ಅವರು ಮಳೆ ಎಂದರೆ ಬಿಸಿಲು, ಬಿಸಿಲು ಎಂದರೆ ಮಳೆ’ ಎಂಬ ನಗೆಮಾತು ಲೋಕಲ್ ಗಾಡಿಯ ಪ್ರತಿ ಡಬ್ಬಿಯಲ್ಲೂ ಕೇಳುತ್ತದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮುನ್ಸೂಚನೆ ತಪ್ಪುವುದು ಉಂಟು, ನಿಜ. ಆದರೆ ಅದು ತಪ್ಪುವುದಕ್ಕಿಂತ ಹೆಚ್ಚು ಸಲ ನಾವು ಅದನ್ನು ತಪ್ಪಾಗಿ ಓದುತ್ತೇವೆ. ಹಾಗೆ ಓದುವಂತೆ ಅದನ್ನು ಬರೆಯಲಾಗುತ್ತದೆ ಎಂಬುದು ನನ್ನ ಆಕ್ಷೇಪಣೆ.

ಮೊದಲು ಪಠ್ಯವನ್ನು ಎದುರಿಗಿಟ್ಟುಕೊಳ್ಳೋಣ. ಮಳೆಗಾಲದ ಯಾವುದೇ ದಿನ ಪತ್ರಿಕೆಯಲ್ಲಿ ಬರುವ ವಾಕ್ಯದ ಮಾದರಿ ಹೀಗಿರುತ್ತದೆ: ‘ಮುಂದಿನ 24 ಗಂಟೆಗಳಲ್ಲಿ ಮುಂಬಯಿಯ ಅಲ್ಲಲ್ಲಿ ಭಾರಿ ಮಳೆಯಾಗುವ ಸಂಭವವಿದೆ.’ ಎಂಟು ಶಬ್ದಗಳ ಸಾದಾ ವಾಕ್ಯ. ಆದರೆ ಇದರಲ್ಲಿ ಸಾದಾ ಶಬ್ದ ಒಂದೂ ಇಲ್ಲ; ಒಂದೊಂದರ ಹಿಂದೆಯೂ ಒಂದೊಂದು ಕೋಷ್ಟಕ ನಿಂತಿದೆ.

‘ಭಾರಿ’ ಎಂಬುದನ್ನು ತೆಗೆದುಕೊಳ್ಳಿ. ನಮ್ಮ ಮನೆಮಾತಿನಲ್ಲಿ ಅದು ಉದ್ಗಾರ: ಭಾರಿ ಊಟ, ಭಾರಿ ಮನುಷ್ಯ. ಇಲಾಖೆಯ ಭಾಷೆಯಲ್ಲಿ ಅದು ಅಳತೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬಿದ್ದರೆ ‘ಭಾರಿ’, 115.6ರಿಂದ 204.4ರವರೆಗೆ ‘ಅತಿ ಭಾರಿ’. ಅದಕ್ಕೂ ಮೀರಿದರೆ ‘ಅತ್ಯಂತ ಭಾರಿ’. 64.4 ಮಿ.ಮೀ. ಬಿದ್ದು ಬೂಟು, ಕಾಲುಚೀಲ, ಕಡತ ಎಲ್ಲ ತೊಯ್ದರೂ ಅದು ‘ಸಾಧಾರಣ’ ಮಳೆಯೇ. ಒಂದು ಮಿಲಿಮೀಟರು ಮಳೆ ಎಂದರೆ ಒಂದು ಚದರ ಮೀಟರು ನೆಲದ ಮೇಲೆ ಒಂದು ಲೀಟರು ನೀರು. ಈ ಒಂದು ಲೆಕ್ಕ ತಿಳಿದರೆ ಸಾಕು, ಮಳೆಯ ಅಂಕಿಗಳೆಲ್ಲ ಕೊಡಗಳ ಲೆಕ್ಕಕ್ಕೆ ಬಂದು ಮನಸ್ಸಿಗೆ ಹಿಡಿಯುತ್ತವೆ.

‘ಅಲ್ಲಲ್ಲಿ’ ಎಂಬುದೂ ಹಾಗೆಯೇ. ಒಂದು ಪ್ರದೇಶದಲ್ಲಿರುವ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚಿಲ್ಲದ ಕಡೆ ಮಳೆಯಾದರೆ ಅದು ‘ಅಲ್ಲಲ್ಲಿ’. 26ರಿಂದ 50ರವರೆಗೆ ‘ಕೆಲವೆಡೆ’, 51ರಿಂದ 75ರವರೆಗೆ ‘ಹಲವೆಡೆ’, ಅದರ ಮೇಲೆ ‘ಬಹುತೇಕ ಎಲ್ಲೆಡೆ’. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ನಾಲ್ಕು ಬೇರೆ ಬೇರೆ ಪಾರಿಭಾಷಿಕ ಶಬ್ದಗಳಿವೆ. ಕನ್ನಡಕ್ಕೆ ತರುವವರು ಅವುಗಳ ಗೋಜಿಗೆ ಹೋಗದೆ, ಕೈಗೆ ಸಿಕ್ಕಿದ್ದನ್ನು ಇಡುತ್ತಾರೆ. ಒಂದು ದಿನದ ‘ಕೆಲವೆಡೆ’ ಇನ್ನೊಂದು ದಿನ ‘ಅಲ್ಲಲ್ಲಿ’ ಆಗುತ್ತದೆ, ಮತ್ತೊಂದು ದಿನ ‘ವಿವಿಧೆಡೆ’. ಓದುವವನಿಗೆ ಇದು ಶೈಲಿಯ ವೈವಿಧ್ಯ. ಅರ್ಥದಲ್ಲಿ ಮಾತ್ರ ಅರ್ಧಕ್ಕರ್ಧ ಅಂತರ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಶಬ್ದ ‘ಸಂಭವ’. ಇಲಾಖೆಯ ಪ್ರಕಟಣೆಗಳಲ್ಲಿ ಕೊಡುವ ಕೋಷ್ಟಕದ ಪ್ರಕಾರ ‘ಲೈಕ್ಲಿ’ ಎಂದರೆ ನೂರಕ್ಕೆ 25ರಿಂದ 50ರಷ್ಟು ಸಾಧ್ಯತೆ. ‘ವೆರಿ ಲೈಕ್ಲಿ’ ಎಂದರೆ 50ರಿಂದ 75. ‘ಮೋಸ್ಟ್ ಲೈಕ್ಲಿ’ ಎಂದರೆ 75ಕ್ಕೂ ಮೇಲೆ. ಅಂದರೆ ಬರೇ ‘ಸಂಭವವಿದೆ’ ಎಂದು ಹತ್ತು ದಿನ ಹೇಳಿದರೆ, ಅದರಲ್ಲಿ ಐದಕ್ಕೂ ಹೆಚ್ಚು ದಿನ ಮಳೆ ಬಾರದೆ ಹೋದರೂ ಹೇಳಿದ ಮಾತು ಸುಳ್ಳಲ್ಲ! ಆದರೆ ಮೂರು ದರ್ಜೆಗಳೂ ಕನ್ನಡಕ್ಕೆ ಬರುವಾಗ ಒಂದೇ ‘ಸಂಭವ’ವಾಗಿಬಿಡುತ್ತವೆ, ತಲೆಬರಹಕ್ಕೆ ಬರುವಾಗ ಆ ‘ಸಂಭವ’ವೂ ಬಿದ್ದುಹೋಗಿ ‘ಇಂದು ಭಾರಿ ಮಳೆ’ ಎಂದಷ್ಟೇ ಉಳಿಯುತ್ತದೆ. ನಾಲ್ಕು ಆಣೆಯ ಮಾತನ್ನು ಹದಿನಾರು ಆಣೆಗೆ ಮಾರಿ, ಸಂಜೆ ಬಿಸಿಲು ಬಿದ್ದಾಗ ಇಲಾಖೆಯನ್ನು ಬೈಯುವುದು ಯಾವ ನ್ಯಾಯ?

ಇಷ್ಟೆಲ್ಲ ‘ಅಲ್ಲಲ್ಲಿ’, ‘ಸಂಭವ’ಗಳ ಹಿಂದೆ ಅವಿತುಕೊಳ್ಳುವ ಬದಲು ಇಂಥಲ್ಲಿ ಇಷ್ಟು ಎಂದು ಹೇಳಲು ಏನು ಧಾಡಿ ಎಂದು ಕೇಳುವವರುಂಟು. ಉತ್ತರ ಬೇಕಾದರೆ ಮಳೆ ಹುಟ್ಟುವ ಬಗೆಯನ್ನು ನೋಡಬೇಕು.

ಮಳೆಗೆ ಬೇಕಾದುದು ಮೂರು: ತೇವವುಳ್ಳ ಗಾಳಿ, ಅದನ್ನು ಮೇಲೆತ್ತಲು ಒಂದು ಕಾರಣ, ಹನಿ ಕಟ್ಟಲು ಆಸರೆಯಾಗುವ ಧೂಳು ಅಥವಾ ಉಪ್ಪಿನ ಕಣ. ಮೇಲಕ್ಕೆ ಹೋದಂತೆ ಒತ್ತಡ ಕಡಿಮೆಯಾಗುವುದರಿಂದ ಗಾಳಿ ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ತನ್ನಲ್ಲಿರುವ ಶಾಖವನ್ನೇ ವೆಚ್ಚ ಮಾಡಿ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ವಾಲ್ವು ಒತ್ತಿದಾಗ ಹೊರಗೆ ನುಗ್ಗುವ ಗಾಳಿ ಬೆರಳಿಗೆ ತಣ್ಣಗೆ ತಾಗುವುದೂ ಇದೇ ನಿಯಮದಿಂದ. ಹೀಗೆ ಒಂದು ಕಿಲೋಮೀಟರು ಏರಿದರೆ ಒಣ ಗಾಳಿ ಸುಮಾರು ಹತ್ತು ಡಿಗ್ರಿ ತಣಿಯುತ್ತದೆ. ತಣಿಯುತ್ತ ತಣಿಯುತ್ತ ಒಂದು ಹಂತದಲ್ಲಿ ಅದರೊಳಗಿನ ಆವಿ ನೀರಾಗತೊಡಗುತ್ತದೆ. ಅದೇ ಮೋಡ. ಆವಿ ನೀರಾಗುವಾಗ ಅಡಗಿದ್ದ ಶಾಖ ಬಿಡುಗಡೆಯಾಗಿ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ಎತ್ತುತ್ತದೆ. ಮೋಡ ತನ್ನ ಸೌದೆಯನ್ನು ತಾನೇ ಹೊತ್ತು ಬಂದಂತೆ. ಮೋಡದ ಒಂದು ಕಣ ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗದಷ್ಟು ಅಗಲ. ಅಂಥ ಸುಮಾರು ಹತ್ತು ಲಕ್ಷ ಕಣಗಳು ಕೂಡಿದರೆ ಎರಡು ಮಿಲಿಮೀಟರಿನ ಒಂದು ಮಳೆಹನಿ.

ಗಾಳಿಯನ್ನು ಮೇಲೆತ್ತುವ ಕಾರಣ ಯಾವುದು ಎಂಬುದರ ಮೇಲೆ ಮಳೆಯ ಸ್ವಭಾವ ನಿಂತಿದೆ. ಬೆಟ್ಟ ಎತ್ತಿದರೆ ಘಟ್ಟದ ಮಳೆ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಯನ್ನು ಹತ್ತಲೇಬೇಕು. ಹತ್ತಿದಾಗ ಸುರಿಸಿ, ಇಳಿದಾಗ ಒಣಗುತ್ತದೆ. ಅದಕ್ಕೇ ಲೋಣಾವಳಾದಲ್ಲಿ ವರ್ಷಕ್ಕೆ 4000 ಮಿ.ಮೀ. ಮೀರಿದರೆ ಅದರ ಪೂರ್ವಕ್ಕಿರುವ ಪುಣೆಗೆ ಸುಮಾರು 700. ನಮ್ಮ ಆಗುಂಬೆಯಲ್ಲಿ 7000 ಮೀರಿದರೆ ಚಿತ್ರದುರ್ಗದ ಬಯಲಿಗೆ ಅದರ ಹತ್ತನೆಯ ಒಂದು ಪಾಲೂ ದಕ್ಕುವುದಿಲ್ಲ. ಇಂಥ ಮಳೆಯನ್ನು ಹೇಳುವುದು ಅಷ್ಟು ಕಷ್ಟವಲ್ಲ, ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಕಾದ ನೆಲ ಎತ್ತಿದರೆ ಗುಡುಗುಮಳೆ. ಏಪ್ರಿಲ್ ತಿಂಗಳಲ್ಲಿ ಊರ ಕಡೆ ಮಧ್ಯಾಹ್ನದ ಮೇಲೆ ಬರುವ ಮಾವಿನ ಮಳೆ ಈ ಜಾತಿಯದು. ಇನ್ನು ಸುತ್ತಲ ಗಾಳಿ ಒಂದೆಡೆಗೆ ನುಗ್ಗಿ ಬಂದು, ಬೇರೆ ದಾರಿಯಿಲ್ಲದೆ ಮೇಲೇರಿದರೆ ಅದು ಒತ್ತಡ ಕುಸಿದ ಕಡೆಯ ಮಳೆ; ನೂರಾರು ಮೈಲಿ ಹರಡಿ ದಿನಗಟ್ಟಲೆ ಹಿಡಿಯುವುದು.

ಮುಂಬಯಿಯ ಕಷ್ಟವೆಂದರೆ ಇಲ್ಲಿ ಈ ಕಾರಣಗಳು ಒಂದರ ಮೇಲೊಂದು ಬಂದು ಕೂಡುತ್ತವೆ. ಕರಾವಳಿಯ ಉದ್ದಕ್ಕೂ ಸಮುದ್ರದ ಮೇಲೆ ಒತ್ತಡದ ಒಂದು ತಗ್ಗು ಚಾಚಿಕೊಂಡಿರುತ್ತದೆ. ಅದರೊಳಗೆ ಹತ್ತಾರು ಕಿಲೋಮೀಟರಿನ ಸಣ್ಣ ಸುಳಿಗಳು ಏಳುತ್ತವೆ. ಗುಡುಗಿನ ಮೋಡ ಹದಿನೈದು ಕಿಲೋಮೀಟರು ಎತ್ತರ ಬೆಳೆದರೂ ಅದರ ಬುಡ ಕೆಲವೇ ಕಿಲೋಮೀಟರು ಅಗಲ. ಅದು ನಿಂತ ಬೀದಿಯಲ್ಲಿ ಪ್ರಳಯ. ಎರಡು ಸ್ಟೇಷನ್ ಆಚೆ ಒಣ ಪ್ಲಾಟ್‌ಫಾರಂ.

2005ನೆಯ ಇಸವಿಯ ಜುಲೈ 26 ಇದಕ್ಕೆ ಯಾರೂ ಮರೆಯಲಾಗದ ದೃಷ್ಟಾಂತ. ಆ ದಿನ ಬೆಳಗಿನಿಂದ ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯ ಅಳೆದದ್ದು 944 ಮಿ.ಮೀ. ಅಲ್ಲಿಂದ ಇಪ್ಪತ್ತೈದು ಕಿಲೋಮೀಟರೂ ಇಲ್ಲದ ಕೊಲಾಬಾ ವೀಕ್ಷಣಾಲಯ ಅಳೆದದ್ದು ಸುಮಾರು 73 ಮಿ.ಮೀ. ಒಂದೇ ನಗರ, ಒಂದೇ ದಿನ. ದಕ್ಷಿಣದ ಕಚೇರಿಗಳಲ್ಲಿ ಕುಳಿತವರಿಗೆ ಅದು ಮಳೆಗಾಲದ ಮತ್ತೊಂದು ಮಧ್ಯಾಹ್ನ. ಅವರು ಎಂದಿನಂತೆ ಮನೆಗೆ ಹೊರಟು ಉತ್ತರಕ್ಕೆ ಬರಬರುತ್ತ ನೀರಿನೊಳಗೆ ಬಂದರು. ಮೀಠಿ ನದಿ ಉಕ್ಕಿತು, ಗಾಡಿಗಳು ನಿಂತವು, ನಗರದಲ್ಲಿ ನೂರಾರು ಜನ ಸತ್ತರು. ಚದರ ಮೀಟರಿಗೆ 944 ಲೀಟರು ಎಂದರೆ ಹದಿನೈದು ಲೀಟರಿನ ಕೊಡದಲ್ಲಿ ಅರವತ್ತಕ್ಕೂ ಹೆಚ್ಚು ಕೊಡ. ಚಾಪೆಯಷ್ಟು ಜಾಗದ ಮೇಲೆ ಅಷ್ಟು ನೀರು. ಆಗ ಮುಂಬಯಿಗೆ ಡಾಪ್ಲರ್ ರಾಡಾರ್ ಇರಲಿಲ್ಲ. ಈಗ ಕೊಲಾಬಾದಲ್ಲೊಂದು, ವೆರಾವಳಿಯಲ್ಲೊಂದು ಇವೆ. ನಗರಪಾಲಿಕೆಯ ಸ್ವಯಂಚಾಲಿತ ಮಳೆಮಾಪಕಗಳು ಹತ್ತಾರು ಕಡೆ ಕುಳಿತಿವೆ. ಆದರೂ ‘ಮುಂಬಯಿಯಲ್ಲಿ ಮಳೆ’ ಎಂಬ ಮಾತಿನ ಬಡತನ ಆ ದಿನ ಬಯಲಾದಷ್ಟು ಇನ್ನೆಂದೂ ಬಯಲಾಗಲಿಲ್ಲ. ‘ಅಲ್ಲಲ್ಲಿ’ ಎಂಬುದು ಹೇಳುವವನ ಜಾರಿಕೆ ಅಲ್ಲ, ಮೋಡದ ಸ್ವಭಾವ. ಅದನ್ನು ಹಾಗೆಂದು ತಿಳಿಸಿ ಹೇಳದಿರುವುದಷ್ಟೇ ಹೇಳುವವನ ದೋಷ.

‘24 ಗಂಟೆ’ ಎಂಬುದನ್ನೂ ಸ್ವಲ್ಪ ನೋಡಬೇಕು. ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಗೆ ಹುಟ್ಟಿ ಮರುದಿನ ಎಂಟೂವರೆಗೆ ಮುಗಿಯುತ್ತದೆ. ಮಂಗಳವಾರದ ಲೆಕ್ಕದಲ್ಲಿ ಬರುವ ಮಳೆ ಹೆಚ್ಚಿನಂಶ ಸೋಮವಾರದ್ದು. ಇದು ಸಣ್ಣ ವಿಷಯ. ದೊಡ್ಡ ವಿಷಯ ಬೇರೆ ಇದೆ. ನೂರು ಮಿಲಿಮೀಟರು ಮಳೆ ಇಡೀ ದಿನ ಸೋನೆಯಾಗಿ ಬಿದ್ದರೆ ಗಂಟೆಗೆ ನಾಲ್ಕು ಮಿಲಿಮೀಟರು ಚಿಲ್ಲರೆ. ಚರಂಡಿ ಅದನ್ನು ನುಂಗಿ ಸುಮ್ಮನಿರುತ್ತದೆ. ಅದೇ ನೂರು ಎರಡು ಗಂಟೆಯಲ್ಲಿ ಬಿದ್ದರೆ ಗಂಟೆಗೆ ಐವತ್ತು. ಮುಂಬಯಿಯ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕಕ್ಕೆ, ಅದನ್ನು 50ಕ್ಕೆ ಏರಿಸುವ ಯೋಜನೆ ದಶಕಗಳಷ್ಟು ಹಳೆಯದು. ಜೊತೆಗೆ ಸಮುದ್ರದ ಭರತ. ಭರತ ನಾಲ್ಕೂವರೆ ಮೀಟರು ಮೀರಿದ ಹೊತ್ತಿನಲ್ಲಿ ಚರಂಡಿಯ ನೀರು ಕಡಲಿಗೆ ಹೋಗಲಾರದು. ಹೀಗಿರುವಾಗ ‘ಭಾರಿ’ ಎಂಬ ಶಬ್ದ ದಿನವನ್ನು ಅಳೆಯುತ್ತದೆ, ಹಿಂದ್‌ಮಾತಾದ ರಸ್ತೆ ಗಂಟೆಯನ್ನು ಅಳೆಯುತ್ತದೆ. ಒಂದರ ಅಂಕಿ ಇನ್ನೊಂದರ ಸಂಕಟವನ್ನು ಹೇಳುವುದಿಲ್ಲ. ಮಳೆಯ ತಾಸು, ಭರತದ ತಾಸು ಎರಡನ್ನೂ ಒಂದೇ ವಾಕ್ಯದಲ್ಲಿ ಇಡುವ ಪತ್ರಿಕೆ ಬಲು ಅಪರೂಪ; ಹವೆ ಒಂದು ಪುಟದಲ್ಲಿ, ಭರತ ಇನ್ನೊಂದು ಮೂಲೆಯಲ್ಲಿ.

‘ಮುಂಬಯಿ’ ಎಂಬ ಶಬ್ದವಂತೂ ನಮ್ಮವರಿಗೆ ನೇರವಾಗಿ ತಟ್ಟುವಂಥದು. ಇಲಾಖೆ ಎಚ್ಚರಿಕೆ ಕೊಡುವುದು ಜಿಲ್ಲಾವಾರು. ಡೊಂಬಿವಲಿ, ಕಲ್ಯಾಣಗಳಲ್ಲಿರುವ ನಾವು ಮಾತಿಗೆ ಮುಂಬಯಿಯವರಾದರೂ ಲೆಕ್ಕಕ್ಕೆ ಠಾಣೆ ಜಿಲ್ಲೆಯವರು. ವಸಯಿ, ವಿರಾರದವರು ಪಾಲ್ಘರ್ ಜಿಲ್ಲೆ, ಪನ್ವೇಲದವರು ರಾಯಗಡ. ಮುಂಬಯಿಗೆ ಹಳದಿ ಇದ್ದ ದಿನ ರಾಯಗಡಕ್ಕೆ ಕೆಂಪು ಇರಬಹುದು; ಪತ್ರಿಕೆಯ ತಲೆಬರಹ ಮುಂಬಯಿಯದನ್ನು ಮಾತ್ರ ಹೇಳುತ್ತದೆ. ಮನೆ ಒಂದು ಜಿಲ್ಲೆ, ಕಚೇರಿ ಇನ್ನೊಂದು, ನಡುವೆ ಕುರ್ಲಾ–ಸಾಯನ್‌ನ ತಗ್ಗು ಹಳಿ. ಆದ್ದರಿಂದ ಲೋಕಲ್ ಗಾಡಿಯಲ್ಲಿ ಓಡಾಡುವ ಮನುಷ್ಯ ದಿನಕ್ಕೆ ಎರಡು ಮೂರು ಮುನ್ಸೂಚನೆ ಓದಬೇಕು. ಇದೇ ಶಬ್ದ ಊರಿಗೆ ಮುಟ್ಟಿದಾಗ ಇನ್ನೊಂದು ಬಗೆಯ ಅನರ್ಥ. ಟೀವಿಯಲ್ಲಿ ‘ಮುಂಬಯಿ ಜಲಾವೃತ’ ಎಂದು ಬಂದೊಡನೆ ವಿಜಾಪುರದಿಂದಲೋ ಕುಂದಾಪುರದಿಂದಲೋ ಫೋನು ಬರುತ್ತದೆ. ಇಲ್ಲಿ ಬಟ್ಟೆ ಒಣಗುತ್ತಿವೆ ಎಂದರೆ, ತಮಗೆ ಗಾಬರಿಯಾಗಬಾರದೆಂದು ಸುಳ್ಳು ಹೇಳುತ್ತಿದ್ದಾರೆ ಎಂದೇ ಅವರು ತಿಳಿಯುತ್ತಾರೆ.

ಇನ್ನು ಕನ್ನಡದ ಮಾತಿಗೆ ಬರೋಣ. ಕನ್ನಡ ವಾರ್ತೆಗಳಲ್ಲಿ ಮಳೆಗೆ ಒಂದು ವಿಚಿತ್ರ ಪಾತ್ರ ಕಟ್ಟಿಕೊಟ್ಟಿದ್ದಾರೆ. ‘ವರುಣನ ಆರ್ಭಟ’, ‘ಕೈಕೊಟ್ಟ ಮಳೆರಾಯ’, ‘ಮುಂಗಾರು ಚುರುಕು’, ‘ಮತ್ತೆ ಅಬ್ಬರಿಸಿದ ಮಳೆ’. ಮಳೆ ಒಮ್ಮೆ ಮಂತ್ರಿ, ಒಮ್ಮೆ ಸಾಲಗಾರ, ಒಮ್ಮೆ ನಾಟಕದ ಖಳ. ಹಳ್ಳಿಯ ಹಾಡಿನಲ್ಲಿ ಮಳೆರಾಯನನ್ನು ಕರೆಯುವುದು ಚಂದ; ಅಲ್ಲಿ ಭಕ್ತಿಯಿದೆ, ಬೇಡಿಕೆಯಿದೆ. ವರದಿಯಲ್ಲಿ ಕರೆದರೆ ಕಾರಣ ಹೇಳುವ ಹೊಣೆಯಿಂದ ತಪ್ಪಿಸಿಕೊಂಡಂತೆ. ರಾಯ ಕೋಪಿಸಿಕೊಂಡ ಎಂದಮೇಲೆ ಚರಂಡಿಯ ಹೂಳಿನ ವಿಚಾರ ಯಾರು ಕೇಳುತ್ತಾರೆ?

‘ವಾಯುಭಾರ ಕುಸಿತ’ ಎಂಬ ಇನ್ನೊಂದು ಶಬ್ದ ನೋಡಿ. ಕಟ್ಟಡ ಕುಸಿತ, ಗುಡ್ಡ ಕುಸಿತಗಳ ಸಾಲಿನಲ್ಲಿ ಕೇಳುವವನಿಗೆ ಆಕಾಶದಿಂದ ಏನೋ ಬಿದ್ದಂತೆ ಭಾಸವಾಗುತ್ತದೆ. ವಾಸ್ತವವಾಗಿ ಅಲ್ಲಿ ಗಾಳಿ ಬೀಳುವುದಲ್ಲ, ಏಳುವುದು. ಇಲಾಖೆ ಇದನ್ನು ಗಾಳಿಯ ವೇಗದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುತ್ತದೆ: ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಬರೇ ಕಡಿಮೆ ಒತ್ತಡದ ಪ್ರದೇಶ, 31ರಿಂದ 49 ಇದ್ದರೆ ಡಿಪ್ರೆಶನ್, 50ರಿಂದ 61 ಇದ್ದರೆ ತೀವ್ರ ಡಿಪ್ರೆಶನ್, 62 ಮುಟ್ಟಿದರೆ ಚಂಡಮಾರುತ. ನಮ್ಮ ವಾರ್ತೆಗಳಲ್ಲಿ ಮೊದಲ ಮೂರಕ್ಕೂ ಒಂದೇ ‘ಕುಸಿತ’. ಮೀನುಗಾರನಿಗೆ ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಇರುವುದು ದೋಣಿ ಉಳಿಯುವ, ಉಳಿಯದಿರುವ ಅಂತರ. ಬಂಗಾಲ ಕೊಲ್ಲಿಯಲ್ಲಿ ಕುಸಿತವಾದರೆ ಮುಂಬಯಿಯಲ್ಲೇಕೆ ಮಳೆ ಎಂದು ಕೇಳುವವರಿಗೂ ಯಾರೂ ಉತ್ತರ ಹೇಳುವುದಿಲ್ಲ. ನಮ್ಮ ಗೋಲಾರ್ಧದಲ್ಲಿ ಗಾಳಿ ಇಂಥ ತಗ್ಗನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ತಗ್ಗು ಒಡಿಶಾ ದಾಟಿ ಮಧ್ಯಭಾರತದ ಮೇಲೆ ಬಂದಾಗ ಅದರ ದಕ್ಷಿಣ ಮಗ್ಗುಲಿನ ಗಾಳಿ ಪಶ್ಚಿಮದಿಂದ ಬೀಸಬೇಕು. ಆಗ ಅರಬ್ಬೀ ಸಮುದ್ರದ ಗಾಳಿಗೆ ಹಿಂದಿನಿಂದ ತಳ್ಳಿದಂತಾಗಿ ಕೊಂಕಣದಲ್ಲಿ ಮಳೆ ಬಲಿಯುತ್ತದೆ. ನಾಲ್ಕು ಸಾಲಿನಲ್ಲಿ ಮುಗಿಯುವ ವಿವರಣೆ ಇದು. ನಾಲ್ಕು ಸಾಲಿಗೆ ಎಡೆಯಿಲ್ಲ, ‘ಆರ್ಭಟ’ಕ್ಕೆ ಇದೆ.

ಶಬ್ದಗಳಿಗೆ ನಮ್ಮಲ್ಲಿ ಬರ ಇದೆಯೆ? ತುಂತುರು, ಸೋನೆ, ಜಡಿ, ಬಿರುಮಳೆ, ಆಲಿಕಲ್ಲು ಎಂದು ನಮ್ಮ ಅಜ್ಜಿಯರು ಮಳೆಯನ್ನು ವಿಂಗಡಿಸಿದ್ದು ಸುಮ್ಮನೆ ಅಲ್ಲ. ತೆಳ್ಳಗೆ ಹರಡಿದ ತಗ್ಗಿನ ಮೋಡ ಕೊಡುವುದು ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿಯ ತುಂತುರು; ದಪ್ಪ ಪದರದ ಮೋಡ ಕೊಡುವುದು ಸೋನೆ; ಎತ್ತರದ ಗುಡುಗು ಮೋಡ ಕೊಡುವುದು ಬಿರುಮಳೆ. ಹೆಸರು ಸರಿಯಿದ್ದರೆ ಮೋಡದ ಜಾತಿ ತಾನೇ ತಿಳಿಯುತ್ತದೆ. ಇವನ್ನೆಲ್ಲ ಬಿಟ್ಟು ‘ಮೋಡ ಕವಿದ ವಾತಾವರಣ’ ಎಂಬ ಒಂದೇ ಕಂಬಳಿಯನ್ನು ಹೊದೆಸಿದ್ದೇವೆ. ಚಳಿಗಾಲದಲ್ಲಿ ‘ಮಂಜು’ ಎಂಬುದೂ ಇದೇ ಕೆಲಸ ಮಾಡುತ್ತದೆ: ದಿಲ್ಲಿಯಲ್ಲಿ ವಿಮಾನ ತಡೆಯುವುದೂ ಮಂಜು, ಹುಲ್ಲಿನ ಮೇಲೆ ಮಿನುಗುವುದೂ ಮಂಜು, ಸಿಮ್ಲಾದಲ್ಲಿ ಬೀಳುವುದೂ ಮಂಜು. ಹುಲ್ಲಿನ ಮೇಲಿನದು ಇಬ್ಬನಿ; ಅದು ಮೇಲಿನಿಂದ ಬೀಳುವುದೂ ಅಲ್ಲ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣಿದಾಗ, ಅದಕ್ಕೆ ತಾಗಿದ ಗಾಳಿಯ ಆವಿ ಅಲ್ಲೇ ಹನಿಗಟ್ಟುತ್ತದೆ. ನೆಲದ ಮೇಲಿನ ಗಾಳಿಯೇ ಒಂದಷ್ಟು ಎತ್ತರದವರೆಗೆ ತಣಿದು ಹನಿ ಗಾಳಿಯಲ್ಲೇ ತೇಲಿದರೆ ಕಾವಳ. ಒಂದು ಕಿಲೋಮೀಟರು ಆಚೆಯದು ಕಾಣದಿದ್ದರೆ ಮಾತ್ರ ಇಲಾಖೆ ಅದನ್ನು ಕಾವಳವೆಂದು ಒಪ್ಪುತ್ತದೆ. ಮೂರು ಬೇರೆ ಬೇರೆ ಸಂಗತಿಗಳಿಗೆ ಮೂರು ಶಬ್ದಗಳಿದ್ದೂ ಒಂದರಲ್ಲೇ ಸಂಸಾರ ನಡೆಸುವುದು ಜಿಪುಣತನ.

ಇತ್ತೀಚಿನ ವರ್ಷಗಳಲ್ಲಿ ಶಬ್ದಗಳ ಬದಲು ಬಣ್ಣ ಬಂದಿದೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ಇದು ನಿಜಕ್ಕೂ ಒಳ್ಳೆಯ ಸುಧಾರಣೆ. ಏಕೆಂದರೆ ಬಣ್ಣ ಮಳೆಯನ್ನು ಹೇಳುವುದಿಲ್ಲ, ನಾವು ಮಾಡಬೇಕಾದುದನ್ನು ಹೇಳುತ್ತದೆ. ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಸುದ್ದಿ ಗಮನಿಸುತ್ತಿರಿ, ಕಿತ್ತಳೆಯಾದರೆ ಸಿದ್ಧರಾಗಿರಿ, ಕೆಂಪಾದರೆ ಕ್ರಮ ಕೈಗೊಳ್ಳಿ. ಆದರೆ ಪತ್ರಿಕೆಗಳು ಎಲ್ಲಕ್ಕೂ ‘ಅಲರ್ಟ್’ ಎಂಬ ಬಾಲ ಕಟ್ಟಿದ್ದರಿಂದ ‘ಯೆಲ್ಲೋ ಅಲರ್ಟ್’ ಕೂಡ ಸೈರನ್ನಿನಂತೆ ಕೇಳುತ್ತದೆ. ದಿನವೂ ಸೈರನ್ ಕೇಳಿದ ಕಿವಿಗೆ ಕೆಂಪಿನ ದಿನವೂ ಹೊಸದೆನಿಸುವುದಿಲ್ಲ.

ಈ ಮಂಕುತನದ ಬೆಲೆ ಏನೆಂಬುದಕ್ಕೆ ಎರಡು ಚಂಡಮಾರುತಗಳನ್ನು ನೆನೆಯಬಹುದು. 2020ರ ಜೂನ್ 3ರಂದು ‘ನಿಸರ್ಗ’ ಅಲಿಬಾಗಿನ ಬಳಿ ದಡ ಸೇರಿತು. ಮುಂಬಯಿ ಹೆಚ್ಚಿನ ಪೆಟ್ಟಿಲ್ಲದೆ ಪಾರಾಯಿತು. ಸಂಜೆಯೊಳಗೆ ಫೋನುಗಳಲ್ಲಿ ಹಾಸ್ಯ ಹರಿದಾಡಿತು: ಇಷ್ಟಕ್ಕೇನಾ ಅಷ್ಟು ಗದ್ದಲ ಎಂದು. ಮುಂಬಯಿಗೆ ತಪ್ಪಿದ್ದು ರಾಯಗಡಕ್ಕೆ ತಪ್ಪಿರಲಿಲ್ಲ. ಅಲ್ಲಿ ಮನೆಯ ಹೆಂಚು, ತೆಂಗು, ಅಡಕೆ ತೋಟ ನೆಲಕ್ಕೆ ಬಿದ್ದಿದ್ದವು. ಮರುವರ್ಷ 2021ರ ಮೇ 17ರಂದು ‘ತೌಕ್ತೆ’ ಬಂತು. ಅದು ಮುಂಬಯಿಯ ದಡಕ್ಕೆ ಬರಲೇ ಇಲ್ಲ, ಕಡಲಿನಲ್ಲೇ ಉತ್ತರಕ್ಕೆ ಸಾಗಿ ಗುಜರಾತಿಗೆ ಹೋಯಿತು. ಆದರೂ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿ.ಮೀ. ವೇಗ ಮುಟ್ಟಿತು. ಎಚ್ಚರಿಕೆ ಎರಡೂ ಸಲ ಇತ್ತು. ಮೊದಲ ಸಲ ಪಾರಾದವನು ಎರಡನೆಯ ಸಲ ‘ಹೋದ ವರ್ಷದ ಹಾಗೆಯೇ’ ಎಂದುಕೊಳ್ಳುವುದು ಮನುಷ್ಯ ಸ್ವಭಾವ. ಕೂದಲೆಳೆಯಲ್ಲಿ ತಪ್ಪಿದ ಅಪಾಯವನ್ನು ಸುಳ್ಳಾದ ಭವಿಷ್ಯವೆಂದು ಎಣಿಸದಂತೆ ಮರುದಿನ ಬರೆಯಬೇಕಾದವರು ಪತ್ರಿಕೆಯವರು. ಮರುದಿನ ಆ ಜಾಗದಲ್ಲಿ ಬೇರೆ ಸುದ್ದಿ ಇರುತ್ತದೆ.

ಪಂಚಾಂಗದ ವಿಚಾರ ಬಿಟ್ಟರೆ ಈ ವಿಮರ್ಶೆ ಅರೆಯಾದೀತು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗೆ ನಕ್ಷತ್ರದ ಹೆಸರಿಡುವ ಕ್ರಮವನ್ನು ಓದಿದವರು ಮೂಢನಂಬಿಕೆಯೆಂದು ತಳ್ಳುವುದುಂಟು, ಹಳಬರು ವಿಜ್ಞಾನಕ್ಕಿಂತ ಮಿಗಿಲೆಂದು ಎತ್ತುವುದುಂಟು. ಎರಡೂ ಸರಿಯಲ್ಲ. ಸೂರ್ಯ ಒಂದು ನಕ್ಷತ್ರದಲ್ಲಿರುವುದು ಹದಿಮೂರು ಹದಿನಾಲ್ಕು ದಿನ. ಇಪ್ಪತ್ತೇಳು ನಕ್ಷತ್ರ ಎಂದರೆ ವರ್ಷದ ಇಪ್ಪತ್ತೇಳು ಕಂತು. ಮೃಗಶಿರಾ ಮಳೆ ಎಂದರೆ ಜೂನ್ ಎರಡನೆಯ ವಾರದಿಂದ ಮುಂದಿನ ಕಂತಿನಲ್ಲಿ ಸಾಮಾನ್ಯವಾಗಿ ಬರುವ ಮಳೆ. ಅದು ಮುನ್ಸೂಚನೆಯಲ್ಲ, ತಲೆಮಾರುಗಳ ಸರಾಸರಿ. ಈ ವರ್ಷ ಬಂದೇ ಬರುತ್ತದೆ ಎಂದು ಅದು ಹೇಳಲಾರದು. ಮೇಲಾಗಿ ಭೂಮಿಯ ಅಕ್ಷದ ನಿಧಾನವಾದ ಓಲಾಟದಿಂದ ನಕ್ಷತ್ರದ ಲೆಕ್ಕ ಸುಮಾರು 72 ವರ್ಷಕ್ಕೊಂದು ದಿನ ಋತುವಿನಿಂದ ಜಾರುತ್ತದೆ. ಸಾವಿರ ವರ್ಷಕ್ಕೆ ಒಂದು ಇಡೀ ನಕ್ಷತ್ರದಷ್ಟು. ಆದರೆ ಗದ್ಯದ ದೃಷ್ಟಿಯಿಂದ ಪಂಚಾಂಗದ ಗುಣವೊಂದನ್ನು ಒಪ್ಪಲೇಬೇಕು. ‘ರೋಹಿಣಿ’ ಎಂದರೆ ರೈತನಿಗೆ ಬೀಜ ನೆನಪಾಗುತ್ತದೆ, ‘ಹಸ್ತಾ’ ಎಂದರೆ ಹಿಂಗಾರಿನ ಹೊಲ. ಮಳೆಯ ಹೆಸರಿನೊಳಗೇ ಕೆಲಸದ ಹೆಸರು ಅಡಗಿದೆ. ಇಲಾಖೆ ಬಣ್ಣಗಳಿಂದ ಈಗ ಮಾಡಹೊರಟಿರುವುದನ್ನು ಅದು ಎಂದೋ ಮಾಡಿತ್ತು.

‘ಮಾನ್ಸೂನ್ ಬಂತು’ ಎಂಬ ಸುದ್ದಿಗೂ ಇದೇ ತೊಡಕು. ಕೇರಳದ ಪ್ರವೇಶವನ್ನು ಘೋಷಿಸಲು ಹದಿನಾಲ್ಕು ಕೇಂದ್ರಗಳ ಮಳೆ ನೋಡುತ್ತಾರೆ. ನಮ್ಮ ಮಂಗಳೂರೂ ಅದರಲ್ಲೊಂದು. ಮೇ 10ರ ನಂತರ ನೂರಕ್ಕೆ 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿ.ಮೀ. ಬೀಳಬೇಕು, ಗಾಳಿಯ ಆಳ ಮತ್ತು ವೇಗ ಇಷ್ಟಿರಬೇಕು ಎಂಬ ಷರತ್ತುಗಳಿವೆ. ಮುಂಬಯಿಗೆ ಅದು ಬರುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಮೇ 26ಕ್ಕೇ ಬಂತು. ಬಂತು ಎಂದರೆ ನಿತ್ಯ ಸುರಿಯುತ್ತದೆ ಎಂದಲ್ಲ. ಗಾಳಿಯ ದಿಕ್ಕು, ತೇವ ಬದಲಾಯಿತು ಎಂದಷ್ಟೇ. ನಡುವೆ ವಾರಗಟ್ಟಲೆ ಬಿಡುವು ಕೊಡುವುದೂ ಮಾನ್ಸೂನಿನ ಗುಣವೇ.

ಇಷ್ಟೆಲ್ಲ ಹೇಳಿದ ಮೇಲೆ ಇಲಾಖೆಯನ್ನು ಪೂರ್ತಿ ಖುಲಾಸೆ ಮಾಡಿದಂತಾಯಿತೆ? ಇಲ್ಲ. 1875ರಲ್ಲಿ ಹುಟ್ಟಿ ನೂರೈವತ್ತು ವರ್ಷ ದಾಟಿದ ಸಂಸ್ಥೆಯ ಮೇಲೆ ನನ್ನ ಎರಡು ಆಕ್ಷೇಪಣೆಗಳಿವೆ. ಒಂದು: ತನ್ನ ಶಬ್ದಗಳ ಅರ್ಥವನ್ನು ಪ್ರಕಟಣೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿಟ್ಟು, ಜನ ಓದಿಕೊಳ್ಳಲಿ ಎಂದು ಬಿಡುವುದು ಕಡತದ ಧರ್ಮವಾದೀತು, ತಿಳಿಸುವವನ ಧರ್ಮವಲ್ಲ. ಎರಡು: ನಿನ್ನೆ ಹೇಳಿದ್ದು ಎಷ್ಟು ಸರಿಯಾಯಿತು, ಎಷ್ಟು ತಪ್ಪಿತು ಎಂಬುದನ್ನು ಜನ ಓದುವ ಜಾಗದಲ್ಲಿ ದಿನವೂ ಒಂದು ಸಾಲು ಹೇಳಬೇಕು. ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ 1963ರಲ್ಲೇ ತೋರಿಸಿದಂತೆ, ಮೊದಲ ಅಳತೆಯಲ್ಲಿ ಸಾಸಿವೆಯಷ್ಟು ವ್ಯತ್ಯಾಸವಾದರೂ ದಿನ ಕಳೆದಂತೆ ಅದು ಗುಡ್ಡವಾಗುತ್ತದೆ. ಆದುದರಿಂದ ತಪ್ಪುವುದು ಅವಮಾನವಲ್ಲ. ಲೆಕ್ಕ ತೋರಿಸದಿರುವುದರಿಂದಲೇ ನಂಬಿಕೆ ಹೋಗುತ್ತದೆ.

ಮೂರನೆಯ ಮಾತು ನಮಗೆ ಸಂಬಂಧಿಸಿದ್ದು. ಈ ನಗರದಲ್ಲಿ ಎಚ್ಚರಿಕೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮ ಮಕ್ಕಳಿಗೆ ಆ ಮೂರೂ ಬರುತ್ತವೆ. ಊರಿನಿಂದ ಬಂದು ನಮ್ಮೊಡನಿರುವ ತಂದೆತಾಯಿಗೆ, ಹೋಟೆಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಮುಂಜಾವಿನ ಗಾಡಿ ಹಿಡಿಯುವ ಹುಡುಗನಿಗೆ ಅವು ಬರಲೇಬೇಕೆಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಂಘದ ಫಲಕದಲ್ಲೂ ಸದಸ್ಯರ ಫೋನಿಗೂ ದಿನಕ್ಕೆ ಐದು ಸಾಲು ಕನ್ನಡ ಹಾಕುವುದು ದೊಡ್ಡ ಕೆಲಸವಲ್ಲ: ಮುಂಬಯಿ, ಠಾಣೆ, ಪಾಲ್ಘರ್, ರಾಯಗಡ ಜಿಲ್ಲೆಗಳ ಬಣ್ಣ, ಅದರ ಅರ್ಥ, ಸಂಭವ ಎಷ್ಟು ಪಾಲು ಎಂಬುದು, ಭರತದ ಹೊತ್ತು, ನಿನ್ನೆಯ ಮಾತು ಏನಾಯಿತು ಎಂಬುದು. ಮಳೆ ಕಟ್ಟುತ್ತಿರುವಾಗ ಇಲಾಖೆ ಮೂರು ಗಂಟೆಗಳ ಮಟ್ಟಿಗೆ ಕೊಡುವ ತಾತ್ಕಾಲಿಕ ಎಚ್ಚರಿಕೆಯೊಂದಿದೆ. ರಾಡಾರ್ ನೋಡಿ ಹೇಳುವುದರಿಂದ ಐದು ದಿನದ ಭವಿಷ್ಯಕ್ಕಿಂತ ಅದು ಹೆಚ್ಚು ನೆಚ್ಚತಕ್ಕದ್ದು. ಕಚೇರಿ ಬಿಡುವ ಮೊದಲು ಅದನ್ನು ನೋಡುವ ರೂಢಿಯೊಂದನ್ನು ಬೆಳೆಸಿಕೊಂಡರೂ ಸಾಕಷ್ಟು ಲಾಭ. ಕನ್ನಡ ಮಾಡುವ ಕೆಲಸವನ್ನು ಯಾರಾದರೂ ಇಬ್ಬರು ಹಂಚಿಕೊಂಡರೆ, ಶಬ್ದಗಳ ಕೋಷ್ಟಕವನ್ನು ಒಮ್ಮೆ ಸರಿಯಾಗಿ ಕನ್ನಡಿಸಿ ಕೊಡಲು ನಾನು ಸಿದ್ಧ. ‘ಅಲ್ಲಲ್ಲಿ’ಗೆ ಎಲ್ಲ ದಿನವೂ ‘ಅಲ್ಲಲ್ಲಿ’ ಎಂದೇ ಬರೆಯಬೇಕು, ‘ವಿವಿಧೆಡೆ’ ಎಂದು ಮಾತ್ರ ಬರೆಯಕೂಡದು ಎಂಬುದೊಂದೇ ನನ್ನ ಷರತ್ತು.